ಕುದ್ಮುಲ್ ರಂಗರಾಯರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಜೀತವೆಂಬ ಮಾತಿಗೆ ಅರ್ಥ ಹೇಳಬೇಕಾದುದಿಲ್ಲ. ತಂದೆಯು ಮದುವೆಗೆಂದು ತಂದ ಸಾಲಕ್ಕೆ ಮಗನು ಒಡೆಯನ ದನಗಳ ಹಿಂದೆ ಹೋಗುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದರು. ಜೀತವನ್ನು 1976ರ ಕಾಯಿದೆಯು ನಿಷೇಧಿಸಿತು. ಜಾತಿಯ ನಿಂದೆಯೂ ಹೊಟ್ಟೆಯ ಹಸಿವೂ ಒಂದೇ ನೊಗಕ್ಕೆ ಕಟ್ಟಲ್ಪಟ್ಟಿವೆ ಎಂಬುದನ್ನು ಅದಕ್ಕೆ ಬಹು ಮುಂಚೆಯೇ ಅರಿತವರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ. ಅವರು ನಮ್ಮ ಸೀಮೆಯವರಲ್ಲ, ಪಡುವಣ ಕರಾವಳಿಯವರು.

ರಂಗರಾಯರು 1859ನೇ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಮಂಗಳೂರಿಗೆ ಬಂದು ಉಪಾಧ್ಯಾಯರಾಗಿ, ಬಳಿಕ ವಕೀಲರಾದರು. ಮಾನವೂ ಸಂಪಾದನೆಯೂ ಉಳ್ಳ ವೃತ್ತಿಯದು. ಆದರೆ 1892ರಲ್ಲಿ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಶಾಲೆಯನ್ನು ತೆರೆದಾಗ ಸ್ವಜಾತಿಯವರೇ ಅವರನ್ನು ಬಹಿಷ್ಕರಿಸಿದರು. ರಾಯರು ಹಿಂದೆಗೆಯಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು.

ಕೂಲಿಯವನ ಮಗುವು ಶಾಲೆಗೆ ಬಂದರೆ ಮನೆಗೆ ಬರುವ ಗಂಜಿಯ ಪಾಲು ಕಡಿಮೆಯಾಗುತ್ತದೆ. ಇದು ನಮ್ಮಲ್ಲಿ ಯಾರಿಗೆ ತಿಳಿಯದು? ರಾಯರು ಹಲಗೆ ಬಳಪದೊಡನೆ ಮಧ್ಯಾಹ್ನದ ಊಟವನ್ನೂ ಕೊಡಿಸಿದರು. ಓದಿದವನು ಪುನಃ ಒಡೆಯನ ಬಾಗಿಲಿಗೇ ಹೋಗದಂತೆ ಕೈಕಸುಬುಗಳನ್ನು ಕಲಿಸಿದರು. ಇರುವ ಗುಡಿಸಲೂ ಪರರ ನೆಲದ ಮೇಲಿದ್ದರೆ ಧೈರ್ಯವೆಲ್ಲಿಂದ ಬಂದೀತು? ಆದಕಾರಣ ಭೂಮಿಯನ್ನು ಸಂಪಾದಿಸಿ ಮನೆಯ ನಿವೇಶನಗಳನ್ನು ಹಂಚಿದರು.

ಅಮೇರಿಕಾ ದೇಶದಲ್ಲಿ 1865ರಲ್ಲಿ ಗುಲಾಮಗಿರಿಯು ರದ್ದಾದಾಗ ಕರಿಯ ಜನರಿಗೆ ಬಿಡುಗಡೆ ದೊರೆಯಿತು, ಹೊಲ ದೊರೆಯಲಿಲ್ಲ. ಬಹು ಮಂದಿ ಬಿಳಿಯ ಒಡೆಯರ ಭೂಮಿಯನ್ನೇ ವಾರಕ್ಕೆ ಮಾಡಿ ಸಾಲದಲ್ಲಿ ಮುಳುಗಿದರು. ಅಂಥ ಬರಿಗೈಯ ಬಿಡುಗಡೆಯಿಂದ ತೃಪ್ತರಾಗುವವರಲ್ಲ ರಾಯರು.

ಅನ್ಯರಿಗೆ ಬೋಧಿಸಿದ್ದನ್ನು ಅವರು ಮನೆಯಲ್ಲಿಯೂ ನಡಿಸಿದರು. ಎಳೆಯ ಪ್ರಾಯದಲ್ಲಿಯೇ ವಿಧವೆಯಾಗಿದ್ದ ಮಗಳು ರಾಧಾಬಾಯಿಯು ಓದಿ, ಬೇರೆ ಜಾತಿಯವರಾದ ಡಾಕ್ಟರ್ ಸುಬ್ಬರಾಯನ್ ಅವರನ್ನು ವಿವಾಹವಾದರು. 1930ರ ದುಂಡುಮೇಜಿನ ಪರಿಷತ್ತಿಗೂ ಪ್ರತಿನಿಧಿಯಾಗಿ ಹೋದರು. ಇಂದಿಗೂ ಎಷ್ಟು ಮನೆಗಳಲ್ಲಿ ಇದಕ್ಕೆ ಒಪ್ಪಿಯಾರು!

ಮುಪ್ಪಿನಲ್ಲಿ ರಾಯರು ಸಂಸ್ಥೆಯ ಭಾರವನ್ನು ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿ ಸನ್ಯಾಸವನ್ನು ಸ್ವೀಕರಿಸಿದರು. 1928ನೇ ಇಸವಿ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ಜಾಡಮಾಲಿಗಳೇ ನಡಿಸಬೇಕೆಂದು ಕೋರಿದ್ದರು. ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರಿದೆ.

ಅವರಿಗೆ ಇನ್ನೊಂದು ಆಸೆಯಿತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತರ ಮಗನೊಬ್ಬನು ಸರಕಾರದ ದೊಡ್ಡ ಹುದ್ದೆಗೇರಿ, ತನ್ನ ಮೋಟಾರಿನಲ್ಲಿ ಕುಳಿತು ಊರ ದಾರಿಯಲ್ಲಿ ಹೋಗಬೇಕು; ಆ ಗಾಲಿಗಳಿಂದ ಎದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು ಎಂಬುದು.