ಅಂಕೆಯನ್ನು ಮಗುವಿನ ಕೈಗೆ ಕೊಟ್ಟ ಮರಿಯಾ ಮಾಂಟೆಸ್ಸರಿ

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಶಾಲೆಗಳಲ್ಲಿ ಒಂದನೇ ತರಗತಿಗೆ ಸೇರುವ ಪುಟಾಣಿಗಳ ಸಾಲು ಕಾಣುತ್ತದೆ. ಅವರಲ್ಲಿ ಅನೇಕರು ಒಂದರಿಂದ ನೂರರವರೆಗೆ ತಡವರಿಸದೆ ಒಪ್ಪಿಸುತ್ತಾರೆ. ಆದರೆ ಮೇಜಿನ ಮೇಲಿರುವ ಗೋಲಿಗಳಲ್ಲಿ ಏಳನ್ನು ಮಾತ್ರ ತೆಗೆದುಕೊಡು ಎಂದರೆ ಕೆಲವರು ಗಲಿಬಿಲಿಗೊಳ್ಳುತ್ತಾರೆ. ಸಂಖ್ಯೆ ಬಾಯಿಗೆ ಬಂದಿದೆ, ಮನಸ್ಸಿಗೆ ಬಂದಿಲ್ಲ. ಮುಂದೆ ಕೂಡುವ, ಕಳೆಯುವ ಲೆಕ್ಕ ಬಂದಾಗ ಇದೇ ಮಕ್ಕಳು ಹಿಂದೆ ಬೀಳುತ್ತಾರೆ. ಗಣಿತವೆಂದರೆ ಭಯ ಎಂಬ ಭಾವನೆ ಅಲ್ಲಿಂದಲೇ ಆರಂಭವಾಗುತ್ತದೆ.

ಈ ತೊಂದರೆಯ ಮೂಲವನ್ನು ನೂರು ವರ್ಷಗಳಿಗೂ ಹಿಂದೆಯೇ ಗುರುತಿಸಿ, ಪರಿಹಾರಕ್ಕಾಗಿ ಜೀವನವನ್ನೇ ಮುಡಿಪಾಗಿಟ್ಟ ಮಹಿಳೆ ಡಾ. ಮರಿಯಾ ಮಾಂಟೆಸ್ಸರಿ. ಅವರ ಹೆಸರನ್ನು ಅನೇಕ ಶಿಶುವಿಹಾರಗಳ ಫಲಕಗಳಲ್ಲಿ ನಾವು ಕಾಣುತ್ತೇವೆ. ಆದರೆ ಅವರ ಬದುಕು, ಅವರ ವಿಶ್ವಾಸ, ನಮ್ಮ ದೇಶದೊಂದಿಗೆ ಅವರಿಗಿದ್ದ ನಂಟು ಅನೇಕರಿಗೆ ತಿಳಿದಿಲ್ಲ.

ಗಣಿತ ಪ್ರಿಯ ಬಾಲಕಿ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ಸಮೀಪದ ಕಿಯಾರವಲ್ಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರಕಾರಿ ನೌಕರರು. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿಯಿದ್ದ ಮಹಿಳೆ. ಮರಿಯಾ ಚಿಕ್ಕವಳಿರುವಾಗಲೇ ಕುಟುಂಬ ರೋಮ್ ನಗರಕ್ಕೆ ಬಂದು ನೆಲೆಸಿತು.

ಆ ಕಾಲದಲ್ಲಿ ಹೆಣ್ಣುಮಕ್ಕಳು ಓದಿದರೆ ಶಿಕ್ಷಕಿಯಾಗುವುದು ವಾಡಿಕೆ. ಮರಿಯಾ ಮಾತ್ರ 13ನೇ ವಯಸ್ಸಿನಲ್ಲಿ ತಾಂತ್ರಿಕ ಶಾಲೆಗೆ ಸೇರಿದರು. ಗಣಿತ ಅವರ ಮೆಚ್ಚಿನ ವಿಷಯ, ಇಂಜಿನಿಯರ್ ಆಗಬೇಕೆಂಬುದು ಆಸೆ. ಮುಂದೆ ಮನಸ್ಸು ವೈದ್ಯಕೀಯದತ್ತ ಹೊರಳಿತು. ತಂದೆಗೆ ಇಷ್ಟವಿರಲಿಲ್ಲ, ತಾಯಿ ಬೆಂಬಲಕ್ಕೆ ನಿಂತರು. ಗಂಡಸರ ನಡುವೆ ಹೆಣ್ಣೊಬ್ಬಳು ಶವಚ್ಛೇದನ ಮಾಡುವುದು ಸಭ್ಯವಲ್ಲವೆಂದು, ತರಗತಿ ಮುಗಿದ ಮೇಲೆ ಅವರೊಬ್ಬರೇ ಆ ಅಭ್ಯಾಸ ನಡೆಸಬೇಕಾಗಿತ್ತು. ಆದರೂ ಎದೆಗುಂದಲಿಲ್ಲ. 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು, ಇಟಲಿಯ ಮೊದಲ ಕೆಲವು ಮಹಿಳಾ ವೈದ್ಯರಲ್ಲಿ ಒಬ್ಬರಾದರು.

ಕಡೆಗಣಿಸಲ್ಪಟ್ಟ ಮಕ್ಕಳಿಂದ ಕಲಿತ ಪಾಠ

ವೈದ್ಯೆಯಾಗಿ ಅವರು ಮೊದಲು ಕಂಡದ್ದು ಬುದ್ಧಿಮಾಂದ್ಯರೆಂದು ಹುಚ್ಚಾಸ್ಪತ್ರೆಗಳಲ್ಲಿ ಇರಿಸಿದ್ದ ಮಕ್ಕಳನ್ನು. ಆ ಮಕ್ಕಳಿಗೆ ಔಷಧಿಗಿಂತ ಹೆಚ್ಚಾಗಿ ಶಿಕ್ಷಣ ಬೇಕು ಎಂದು ಅವರಿಗೆ ಅನಿಸಿತು. ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗ್ಯಾನ್ ಅವರ ಗ್ರಂಥಗಳನ್ನು ಶ್ರದ್ಧೆಯಿಂದ ಅಭ್ಯಸಿಸಿದರು. ಮುಟ್ಟಿ, ಹಿಡಿದು, ಜೋಡಿಸಿ ಕಲಿಯುವ ಸಾಧನಗಳನ್ನು ತಯಾರಿಸಿದರು. ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯ ಮಕ್ಕಳೊಂದಿಗೆ ಪರೀಕ್ಷೆಗೆ ಕುಳಿತು ಉತ್ತೀರ್ಣರಾದಾಗ ಎಲ್ಲರೂ ಬೆರಗಾದರು. ಮರಿಯಾ ಅವರ ಚಿಂತೆ ಬೇರೆಯೇ ಆಗಿತ್ತು. ಈ ಮಕ್ಕಳಿಗೆ ಇಷ್ಟು ಸಾಧ್ಯವಾದರೆ, ಆರೋಗ್ಯವಂತ ಮಕ್ಕಳು ಶಾಲೆಗಳಲ್ಲಿ ಇಷ್ಟು ಹಿಂದುಳಿದಿರುವುದೇಕೆ ಎಂಬ ಪ್ರಶ್ನೆ ಅವರನ್ನು ಕಾಡಿತು.

ಇದೇ ದಿನಗಳಲ್ಲಿ ಅವರ ಖಾಸಗಿ ಬದುಕಿನಲ್ಲಿ ದೊಡ್ಡ ನೋವೊಂದು ಎದುರಾಯಿತು. 1898ರಲ್ಲಿ, ವಿವಾಹದ ಹೊರಗೆ, ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದನು. ಅಂದಿನ ಸಮಾಜದ ಕಟ್ಟುಪಾಡಿಗೆ ಅಂಜಿ ಮಗುವನ್ನು ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಸಬೇಕಾಯಿತು. ಹದಿಹರೆಯದಲ್ಲಿ ಮಗ ತಾಯಿಯ ಬಳಿಗೆ ಮರಳಿದನು. ಮುಂದೆ ಅವರ ಕೆಲಸಕ್ಕೆ ಬಲಗೈಯಾದನು. ಮಡಿಲಲ್ಲಿ ಬೆಳೆಸಬೇಕಾದ ಮಗನಿಂದ ದೂರವಿದ್ದ ಆ ವರ್ಷಗಳಲ್ಲಿಯೇ ಅವರು ಬಡವರ ಮಕ್ಕಳ ನಡುವೆ ತಮ್ಮ ಕರೆಯನ್ನು ಕಂಡುಕೊಂಡರು ಎಂಬುದು ಗಮನಾರ್ಹ.

ಸಾನ್ ಲೊರೆಂಝೊದ ಮಕ್ಕಳ ಮನೆ

ರೋಮ್ ನಗರದ ಸಾನ್ ಲೊರೆಂಝೊ ಬಡ ಕೂಲಿಕಾರರ ಬಡಾವಣೆ. ತಂದೆತಾಯಿ ದುಡಿಯಲು ಹೋದಾಗ ಶಾಲೆಯ ವಯಸ್ಸಾಗದ ಮಕ್ಕಳು ಮೆಟ್ಟಿಲು, ಗೋಡೆಗಳನ್ನು ಹಾಳುಗೆಡವುತ್ತಿದ್ದರು. ಅವರನ್ನು ಒಂದು ಕೋಣೆಯಲ್ಲಿ ಸೇರಿಸಿ ನೋಡಿಕೊಳ್ಳಲು ಕಟ್ಟಡಗಳ ಮಾಲೀಕ ಸಂಸ್ಥೆ ಮಾಂಟೆಸ್ಸರಿಯವರನ್ನು ಕೇಳಿಕೊಂಡಿತು. ಹೀಗೆ 1907ರ ಜನವರಿ 6ರಂದು, ಮೂವರು ರಾಯರ ಹಬ್ಬದ ದಿನ, ಮೊದಲ 'ಮಕ್ಕಳ ಮನೆ' ಆರಂಭವಾಯಿತು.

ಅಲ್ಲಿ ಅವರು ಕಂಡದ್ದು ಅವರನ್ನೇ ಅಚ್ಚರಿಗೊಳಿಸಿತು. ಅಳುಬುರುಕರೂ ಅಂಜುಬುರುಕರೂ ಆಗಿದ್ದ ಮಕ್ಕಳು ಕೈಗೆ ಸರಿಯಾದ ಕೆಲಸ ಸಿಕ್ಕಾಗ ಬಹಳ ಹೊತ್ತು ಏಕಾಗ್ರತೆಯಿಂದ ಅದರಲ್ಲಿ ತೊಡಗುತ್ತಿದ್ದರು. ಬಹುಮಾನ ಬೇಕಿರಲಿಲ್ಲ, ಬೆದರಿಕೆಯೂ ಬೇಕಿರಲಿಲ್ಲ. ಎರಡೇ ವರ್ಷಗಳಲ್ಲಿ, 1909ರಲ್ಲಿ, ಅವರು ತಮ್ಮ ವಿಧಾನದ ಬಗ್ಗೆ ಗ್ರಂಥ ಹೊರತಂದರು. ಅದು ಹಲವು ಭಾಷೆಗಳಿಗೆ ಅನುವಾದಗೊಂಡು ಲೋಕದ ಗಮನ ಸೆಳೆಯಿತು.

ಲೆಕ್ಕಕ್ಕೆ ಮುಂಚಿನ ತಯಾರಿ

ಚಿಕ್ಕ ಮಕ್ಕಳನ್ನು ಗಣಿತಕ್ಕೆ ಅವರು ಸಿದ್ಧಗೊಳಿಸಿದ ರೀತಿಯನ್ನು ನಮ್ಮ ಶಿಕ್ಷಕಿಯರು ಮತ್ತು ಹೆತ್ತವರು ಗಮನವಿಟ್ಟು ನೋಡಬೇಕು. ಮನುಷ್ಯನ ಮನಸ್ಸು ಸ್ವಭಾವತಃ ಗಣಿತೀಯವಾದದ್ದು ಎಂಬ ವಿಚಾರವನ್ನು ಅವರು ಫ್ರೆಂಚ್ ಚಿಂತಕ ಪಾಸ್ಕಲ್ ಅವರಿಂದ ಪಡೆದಿದ್ದರು. ಅಳೆಯುವುದು, ಹೋಲಿಸುವುದು, ಕ್ರಮವಾಗಿ ಇಡುವುದು ಮಗುವಿಗೆ ಸಹಜ. ಆದ್ದರಿಂದ ಅಂಕೆ ಬರೆಸುವುದಕ್ಕಿಂತ ಮುಂಚೆ ಈ ಸಹಜ ಶಕ್ತಿಗೆ ಆಹಾರ ಕೊಡಬೇಕು ಎಂಬುದು ಅವರ ನಿಲುವು.

ಮೊದಲ ಹಂತದಲ್ಲಿ ಅಂಕೆಯೇ ಇಲ್ಲ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಬೆಳೆಯುವ ಹತ್ತು ಗುಲಾಬಿ ಬಣ್ಣದ ಘನಗಳನ್ನು ಮಗು ಒಂದರ ಮೇಲೊಂದು ಇಟ್ಟು ಗೋಪುರ ಕಟ್ಟುತ್ತದೆ. ಹತ್ತು ಕೆಂಪು ಕೋಲುಗಳನ್ನು ಉದ್ದದ ಕ್ರಮದಲ್ಲಿ ಜೋಡಿಸುತ್ತದೆ. ದೊಡ್ಡದು-ಚಿಕ್ಕದು, ಉದ್ದ-ಗಿಡ್ಡ ಎಂಬ ವ್ಯತ್ಯಾಸ ಕಣ್ಣಿಗೂ ಕೈಗೂ ತಿಳಿಯುತ್ತದೆ. ತಪ್ಪಿಟ್ಟರೆ ಸಾಧನವೇ ಅದನ್ನು ತೋರಿಸಿಕೊಡುತ್ತದೆ. ಟೀಚರು ಗದರಬೇಕಾಗಿಲ್ಲ, ಮಗು ತಾನೇ ತಿದ್ದಿಕೊಳ್ಳುತ್ತದೆ.

ಎರಡನೆಯದಾಗಿ ಸಂಖ್ಯಾ ಕೋಲುಗಳು. ಅದೇ ಹತ್ತು ಕೋಲುಗಳಿಗೆ ಹತ್ತು ಸೆಂಟಿಮೀಟರಿಗೊಂದರಂತೆ ಕೆಂಪು ಮತ್ತು ನೀಲಿ ಪಟ್ಟಿಗಳು. ಬಿಡಿ ಕಲ್ಲುಗಳನ್ನು ಎಣಿಸುವಾಗ ಮಗುವಿಗೆ ಪ್ರತಿಯೊಂದೂ ಒಂದೊಂದೇ ಆಗಿ ಕಾಣುತ್ತದೆ. ಐದು ಎಂಬುದು ಕೊನೆಯ ಕಲ್ಲಿನ ಹೆಸರೇನೋ ಅನಿಸಬಹುದು. ಆದರೆ ಐದರ ಕೋಲು ಒಂದೇ ವಸ್ತು. ಅದನ್ನು ಕೈಯಲ್ಲಿ ಹಿಡಿದಾಗ ಐದು ಎಂಬುದು ಒಂದು ಪೂರ್ಣ ಪರಿಮಾಣ, ಅದು ನಾಲ್ಕಕ್ಕಿಂತ ಒಂದು ಪಟ್ಟಿ ಉದ್ದ ಎಂದು ತಿಳಿಯುತ್ತದೆ. ಒಂಬತ್ತರ ಪಕ್ಕ ಒಂದನ್ನು, ಎಂಟರ ಪಕ್ಕ ಎರಡನ್ನು ಇಟ್ಟರೆ ಹತ್ತರಷ್ಟೇ ಉದ್ದ. ಕೂಡುವ ಲೆಕ್ಕ ಆಟದಲ್ಲೇ ಆರಂಭವಾಯಿತು!

ಬಳಿಕ ಮರಳುಕಾಗದದ ಅಂಕೆಗಳು. ಅವುಗಳ ಮೇಲೆ ಬೆರಳಾಡಿಸಿ ಮಗು ಅಂಕೆಯ ಆಕಾರವನ್ನು ಕಲಿಯುತ್ತದೆ. ಮುಂದೆ ಸೊನ್ನೆಯಿಂದ ಒಂಬತ್ತರವರೆಗಿನ ಖಾನೆಗಳ ಪೆಟ್ಟಿಗೆ ಮತ್ತು 45 ಕಡ್ಡಿಗಳು. ಆಯಾ ಖಾನೆಗೆ ಅಷ್ಟಷ್ಟು ಕಡ್ಡಿ ಹಾಕಿ ಮುಗಿಸಿದಾಗ ಕೈಯಲ್ಲಿ ಒಂದೂ ಉಳಿಯದು, ಸೊನ್ನೆಯ ಖಾನೆ ಖಾಲಿಯೇ ಇರುತ್ತದೆ. ಸೊನ್ನೆಯನ್ನು ಕಲಿಸಲು ಅವರಲ್ಲಿ ಒಂದು ಆಟವೂ ಇತ್ತು. ಸೊನ್ನೆ ಸಲ ತಮ್ಮ ಬಳಿಗೆ ಬರುವಂತೆ ಮಗುವನ್ನು ಕರೆಯುತ್ತಿದ್ದರು. ಮೊದಮೊದಲು ಮಕ್ಕಳು ಓಡಿಬರುತ್ತಿದ್ದರು. ಅರ್ಥವಾದ ಮೇಲೆ ನಗು ತಡೆದುಕೊಂಡು ಕುಳಿತಲ್ಲೇ ಕುಳಿತಿರುತ್ತಿದ್ದರು.

ಕೊನೆಯಲ್ಲಿ ಬಂಗಾರ ಬಣ್ಣದ ಮಣಿಗಳು. ಒಂದು ಬಿಡಿ ಮಣಿ, ಹತ್ತು ಮಣಿಗಳ ಸರಳು, ಹತ್ತು ಸರಳುಗಳ ನೂರರ ಚೌಕ, ಹತ್ತು ಚೌಕಗಳ ಸಾವಿರದ ಘನ. ಸಾವಿರವೆಂದರೆ ಎಷ್ಟು ಭಾರ, ಒಂದೆಂದರೆ ಎಷ್ಟು ಹಗುರ ಎಂದು ಮಗು ಹೊತ್ತು ತಿಳಿಯುತ್ತದೆ. ಹತ್ತು ಬಿಡಿ ಮಣಿ ಕೊಟ್ಟು ಒಂದು ಸರಳು ಪಡೆದಾಗ ದಶಕಕ್ಕೆ ಒಯ್ಯುವುದು ಎಂಬ ಕ್ರಿಯೆಯ ಅರ್ಥವಾಗುತ್ತದೆ. ಮಗ್ಗಿಯನ್ನು ಬಾಯಿಪಾಠ ಮಾಡುವುದನ್ನು ಅವರು ತಿರಸ್ಕರಿಸಲಿಲ್ಲ. ಅರ್ಥ ಮೊದಲು ಬರಲಿ, ಬಾಯಿಪಾಠ ಅದರ ಹಿಂದೆ ಬರಲಿ ಎಂದರು, ಅಷ್ಟೇ.

ಮನ್ನಣೆ, ವಿರೋಧ ಮತ್ತು ವಿಶ್ವಾಸ

1913ರಲ್ಲಿ ಅಮೆರಿಕಾದಲ್ಲಿ ಅವರಿಗೆ ಭವ್ಯ ಸ್ವಾಗತ ದೊರೆಯಿತು. ಮರುವರ್ಷವೇ ಕಿಲ್‌ಪ್ಯಾಟ್ರಿಕ್ ಎಂಬ ಶಿಕ್ಷಣತಜ್ಞರು ಕಟುವಾಗಿ ಟೀಕಿಸಿದರು. ಅಲ್ಲಿನ ಉತ್ಸಾಹ ಬಹುಕಾಲ ತಣ್ಣಗಾಯಿತು. ಇಟಲಿಯಲ್ಲಿ ಮುಸೊಲಿನಿಯ ಸರಕಾರ ಮೊದಲು ಬೆಂಬಲ ನೀಡಿತು, ಅವರೂ ಅದನ್ನು ಸ್ವೀಕರಿಸಿದರು. ಆದರೆ ಮಕ್ಕಳನ್ನು ಸರ್ವಾಧಿಕಾರಿಯ ಹಿಂಬಾಲಕರನ್ನಾಗಿ ತಯಾರಿಸಲು ಅವರ ಶಾಲೆ ಒಗ್ಗುವಂಥದ್ದಾಗಿರಲಿಲ್ಲ. 1934ರಲ್ಲಿ ಸಂಬಂಧ ಮುರಿಯಿತು, ಶಾಲೆಗಳು ಮುಚ್ಚಿದವು. ಅದೇ ವರ್ಷ ಸ್ಪೇನಿನಲ್ಲಿ ಅಂಕಗಣಿತ ಹಾಗೂ ರೇಖಾಗಣಿತದ ಕುರಿತ ಅವರ ಎರಡು ದೊಡ್ಡ ಗ್ರಂಥಗಳು ಪ್ರಕಟವಾದವು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಆರಂಭವಾದಾಗ ಅಲ್ಲಿಂದಲೂ ಹೊರಟು ಹಾಲೆಂಡಿನಲ್ಲಿ ಆಶ್ರಯ ಪಡೆದರು.

ಮಾಂಟೆಸ್ಸರಿ ಕಥೋಲಿಕ ವಿಶ್ವಾಸಿ. ಬಾರ್ಸೆಲೋನಾದಲ್ಲಿದ್ದಾಗ ಮಕ್ಕಳ ಕ್ರೈಸ್ತೋಪದೇಶಕ್ಕೂ ಇದೇ ವಿಧಾನವನ್ನು ಅಳವಡಿಸಿದರು. ಮಕ್ಕಳ ಎತ್ತರಕ್ಕೆ ತಕ್ಕ ಪ್ರಾರ್ಥನಾ ಕೋಣೆ, ಬಲಿಪೂಜೆಯ ವಸ್ತುಗಳ ಪುಟ್ಟ ಮಾದರಿಗಳು ಅಲ್ಲಿದ್ದವು. ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸಕ್ಕಾಗಿ ಮಕ್ಕಳು ತಾವೇ ಗೋಧಿ ಬಿತ್ತಿ, ದ್ರಾಕ್ಷಿ ಬಳ್ಳಿಗಳನ್ನು ನೋಡಿಕೊಂಡರು. ಈ ಹಾದಿಯಲ್ಲಿಯೇ 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲ್ಲೆತ್ತಿಯವರು 'ಒಳ್ಳೆಯ ಕುರುಬನ ಧರ್ಮೋಪದೇಶ' ಎಂಬ ವಿಧಾನವನ್ನು ಆರಂಭಿಸಿದರು. ಅದು ಹಲವು ದೇಶಗಳಿಗೆ ಹಬ್ಬಿದೆ.

ಭಾರತದಲ್ಲಿ ಕಳೆದ ವರ್ಷಗಳು

1939ರಲ್ಲಿ, ಸುಮಾರು 69ರ ವಯಸ್ಸಿನಲ್ಲಿ, ಅವರು ಮಗನೊಂದಿಗೆ ಮದ್ರಾಸಿನ ಅಡ್ಯಾರಿಗೆ ಬಂದರು. ಥಿಯಾಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಹಾಗೂ ರುಕ್ಮಿಣಿ ದೇವಿಯವರು ಆಹ್ವಾನಿಸಿದ್ದರು. ಮೊದಲ ತರಬೇತಿಗೆ ಸುಮಾರು 300 ಮಂದಿ ಸೇರಿದರು. ಕೆಲವೇ ತಿಂಗಳುಗಳೆಂದು ಬಂದವರು ಯುದ್ಧದ ಕಾರಣದಿಂದ ಇಲ್ಲಿಯೇ ಉಳಿಯಬೇಕಾಯಿತು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರಕಾರ ಮಾರಿಯೊ ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟಿತು. ತಾಯಿಯ 70ನೇ ಹುಟ್ಟುಹಬ್ಬದ ಸಂದರ್ಭದಲ್ಲಿ ಬಿಡುಗಡೆ ಮಾಡಿತು. ಕೊಡೈಕನಾಲ್‌ನಲ್ಲಿಯೂ ಕೆಲಕಾಲ ಇದ್ದು, ಅಲ್ಲಿನ ಗಿಡಮರ, ಕೀಟ, ಕಲ್ಲುಗಳನ್ನೇ ಮಕ್ಕಳ ಪಾಠವನ್ನಾಗಿ ಮಾಡಿದರು. ಸಾವಿರಕ್ಕೂ ಹೆಚ್ಚು ಭಾರತೀಯ ಶಿಕ್ಷಕರು ಅವರಿಂದ ತರಬೇತಿ ಪಡೆದರು. 1946ರಲ್ಲಿ ಯುರೋಪಿಗೆ ಮರಳಿದ ಅವರು ಸ್ವಾತಂತ್ರ್ಯದ ಬಳಿಕ ಮತ್ತೊಮ್ಮೆ ಬಂದರು. ಇಲ್ಲಿ ನೀಡಿದ ಉಪನ್ಯಾಸಗಳಿಂದ ರೂಪುಗೊಂಡ ಅವರ ಪ್ರಸಿದ್ಧ ಗ್ರಂಥವೊಂದು 1949ರಲ್ಲಿ ಮದ್ರಾಸಿನಲ್ಲಿಯೇ ಅಚ್ಚಾಯಿತು.

1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅವರು ನಿಧನರಾದರು. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ನಮಗೆ ಏನು ಪಾಠ?

ಮಾಂಟೆಸ್ಸರಿ ಸಾಧನಗಳು ದುಬಾರಿ, ನಮ್ಮ ಬಡ ಶಾಲೆಗಳಿಗೆ ಹೇಗೆ ಸಾಧ್ಯ ಎಂದು ಕೆಲವರು ಕೇಳಬಹುದು. ಮೊದಲ ಮಕ್ಕಳ ಮನೆ ಆರಂಭವಾದದ್ದು ಬಡವರ ಕೇರಿಯಲ್ಲಿ ಎಂಬುದನ್ನು ಮರೆಯಬಾರದು. ನಮ್ಮ ಮನೆಗಳಲ್ಲಿ ಹುಣಸೆ ಬೀಜಗಳಿವೆ, ತೆಂಗಿನ ಗರಿಯ ಕಡ್ಡಿಗಳಿವೆ, ಕೆಲವೆಡೆ ಅಜ್ಜಿಯ ಕಾಲದ ಚೆನ್ನೆಮಣೆಯೂ ಇದೆ. ಗುಳಿಗೊಂದರಂತೆ ಬೀಜ ಹಾಕುತ್ತಾ ಹೋಗುವ ಮಗು ಎಣಿಕೆಯನ್ನೇ ಕಲಿಯುತ್ತದೆ. ಊಟಕ್ಕೆ ಎಷ್ಟು ಜನ, ಎಷ್ಟು ಬಟ್ಟಲು ಎಂದು ಮಗುವಿನಿಂದಲೇ ತರಿಸಬಹುದು. ಪಾತ್ರೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲು, ಹತ್ತು ಕಡ್ಡಿಗಳನ್ನು ಒಂದು ಕಟ್ಟು ಮಾಡಲು ಹೇಳಬಹುದು. ಇದಕ್ಕೆ ಹಣ ಬೇಡ, ಹೆತ್ತವರ ಸ್ವಲ್ಪ ಸಮಯ ಮತ್ತು ತಾಳ್ಮೆ ಸಾಕು.

ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ನೂರರವರೆಗೆ ಬರೆಸುವ ಆತುರ ಯಾರಿಗಾಗಿ? ನೆರೆಮನೆಯ ಮಗುವಿನೊಂದಿಗೆ ಹೋಲಿಕೆಗಾಗಿಯೋ, ಶಾಲೆಯ ಹೆಸರಿಗಾಗಿಯೋ? ಅದರ ಬೆಲೆ ತೆರುವುದು ಮಾತ್ರ ಮಗು. ಪ್ರಭು ಯೇಸು ಮಕ್ಕಳನ್ನು ಹತ್ತಿರ ಕರೆದು ಆಶೀರ್ವದಿಸಿದರು. ನಮ್ಮ ಶಿಶುವಿಹಾರಗಳ ಬಾಗಿಲಿಗೆ ಬರುವ ಮಗುವೂ ಅಂಜಿಕೆಯಿಲ್ಲದೆ ಹತ್ತಿರ ಬರುವಂತಾಗಬೇಕು. ಈ ಸಲ ಶಾಲಾ ಆರಂಭಕ್ಕೆ ಮುನ್ನ ನಮ್ಮ ಧರ್ಮಭಗಿನಿಯರು, ಶಿಕ್ಷಕಿಯರು, ಹೆತ್ತವರು ಒಟ್ಟಿಗೆ ಕುಳಿತು ಈ ವಿಷಯ ಚರ್ಚಿಸಿದರೆ ಒಳಿತು.