ತಿರುಪಿಗೆ ನಿಯಮ ತಂದವನು

ವಾಹನದ ಉಕ್ಕಿನ ಅಚ್ಚಿನಲ್ಲಿ ರಂಧ್ರ ಕೊರೆದು, ಟ್ಯಾಪ್ ಎಂಬ ಉಪಕರಣವನ್ನು ತಿರುಗಿಸಿ ಒಳಗೆ ತಿರುಪಿನ ಎಳೆಗಳನ್ನು ಮೂಡಿಸುವರು. ಅವಕ್ಕೆ ಹೊಂದುವ ಬೋಲ್ಟು ಇಂದು ಸುಲಭವಾಗಿ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಕಾರ್ಖಾನೆಗೊಂದು ಅಳತೆಯಿತ್ತು, ಬೋಲ್ಟು ಮುರಿದರೆ ಅದನ್ನು ಮಾಡಿದವರನ್ನೇ ಅರಸಬೇಕಿತ್ತು.

ಈ ತೊಡಕನ್ನು ನೀಗಿದವನು ಜೋಸೆಫ್ ವಿಟ್‌ವರ್ತ್. 1803ರಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಜನಿಸಿದ ಆತನು, ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯ ಬಳಿ ದುಡಿದು, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ತೆರೆದನು. ಹಲವು ಕಾರ್ಖಾನೆಗಳ ತಿರುಪುಗಳನ್ನು ಸಂಗ್ರಹಿಸಿ, ಅಳೆದು, ಸರಾಸರಿ ಕಂಡುಹಿಡಿದನು. ಎಳೆಯ ಕೋನ 55 ಡಿಗ್ರಿ ಇರಬೇಕೆಂದೂ, ಒಂದೊಂದು ವ್ಯಾಸಕ್ಕೂ ಅಂಗುಲಕ್ಕೆ ಇಂತಿಷ್ಟು ಎಳೆಗಳಿರಬೇಕೆಂದೂ 1841ರಲ್ಲಿ ಸೂಚಿಸಿದನು. ತನ್ನ ಅಳತೆಯನ್ನು ಹೇರದೆ, ಎಲ್ಲರ ಅಳತೆಗಳಿಂದ ನಿಯಮವನ್ನು ರೂಪಿಸಿದ್ದೇ ಆತನ ಹಿರಿಮೆ.

1887ರಲ್ಲಿ ಆತನು ನಿಧನನಾದನು. ಮುಂದೆ ಅಳತೆಗಳು ಬದಲಾದವು. ಸರ್ವರಿಗೂ ಒಂದೇ ನಿಯಮವೆಂಬ ತತ್ತ್ವ ಮಾತ್ರ ಉಳಿಯಿತು.