ಮಜಾಝ್: ತರಾನಾ ಬರೆದ ಕವಿಯ ಮುಚ್ಚಿಟ್ಟ ವರ್ಷಗಳು

ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದಲ್ಲಿ ಓದಿದವರು ಎಲ್ಲಿ ಸೇರಿದರೂ ಎದ್ದು ನಿಂತು ತಮ್ಮ ತರಾನಾ ಹಾಡುತ್ತಾರೆ. ಅದು 1936ರಲ್ಲಿ ಬರೆದ ‘ನಝ್ರೆ ಅಲಿಗಢ’ ಎಂಬ ಕವಿತೆ. ಬರೆದವರು ಅಸ್ರಾರುಲ್ ಹಕ್ ‘ಮಜಾಝ್’. ಅವರ ಹೆಸರನ್ನು ಎಲ್ಲರೂ ಅಭಿಮಾನದಿಂದ ಹೇಳುತ್ತಾರೆ. ಆದರೆ ಅವರು ಮೂರು ಸಲ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡಿದ್ದರು, ರಾಂಚಿಯ ಮಾನಸಿಕ ಆಸ್ಪತ್ರೆಯಲ್ಲಿದ್ದರು ಎಂಬ ಮಾತು ಬಂದಾಗ ದನಿ ತಗ್ಗುತ್ತದೆ. ಅವರನ್ನು ಆ ದಿನಗಳಲ್ಲಿ ನೋಡಿಕೊಂಡ ಮನೆಯವರ ಬಗ್ಗೆಯಂತೂ ಯಾರೂ ಮಾತಾಡುವುದೇ ಇಲ್ಲ.

ಮಜಾಝ್ ಹುಟ್ಟಿದ್ದು 1911ರ ಅಕ್ಟೋಬರ್ 19ರಂದು, ಉತ್ತರ ಪ್ರದೇಶದ ಆಗಿನ ಬಾರಾಬಂಕಿ ಜಿಲ್ಲೆಯ ರುದೌಲಿಯಲ್ಲಿ. ತಂದೆ ಸಿರಾಜುಲ್ ಹಕ್ ಸರಕಾರಿ ನೌಕರರು. ರಾತ್ರಿಯೆಲ್ಲ ಎಚ್ಚರವಾಗಿರುತ್ತಿದ್ದ ಈ ಹುಡುಗನನ್ನು ಮನೆಯಲ್ಲಿ ‘ಜಗ್ಗನ್’ ಎಂದು ಕರೆಯುತ್ತಿದ್ದರು. 1935ರಲ್ಲಿ ಅಲಿಗಢದಿಂದ ಬಿ.ಎ. ಮುಗಿಸಿ ದಿಲ್ಲಿ ರೇಡಿಯೋದ ಉರ್ದು ಪತ್ರಿಕೆ ‘ಆವಾಝ್’ನಲ್ಲಿ ಕೆಲಸಕ್ಕೆ ಸೇರಿದರು. ಆ ಕೆಲಸ ಹೆಚ್ಚು ದಿನ ಉಳಿಯಲಿಲ್ಲ. ದಿಲ್ಲಿಯಲ್ಲಿ ಹುಟ್ಟಿದ ಒಂದು ಪ್ರೇಮವೂ ಕೈಗೂಡಲಿಲ್ಲ. 1938ರಲ್ಲಿ ‘ಆಹಂಗ್’ ಸಂಕಲನ ಹೊರಬಂದಾಗ ಉರ್ದು ಜಗತ್ತು ಅವರನ್ನು ತಲೆಯ ಮೇಲೆ ಹೊತ್ತುಕೊಂಡಿತು.

1940ರಲ್ಲಿ ಮೊದಲ ಬಾರಿ ಕಾಯಿಲೆ ಬಂತು. ಎದುರಾಳಿಗಳು ತನಗೆ ವಿಷ ಹಾಕಲು ಕಾದಿದ್ದಾರೆ ಎಂಬ ಭಯ ಅವರನ್ನು ಹಿಡಿದುಕೊಂಡಿತು. ಇಲ್ಲದ್ದನ್ನು ಇದೆ ಎಂದು ನಂಬಿದವರ ಜೊತೆ ವಾದಿಸಿ ಗೆಲ್ಲಲಾಗದು ಎಂಬುದು ಅಂಥವರೊಡನೆ ಒಂದೇ ಸೂರಿನಡಿ ಬದುಕಿದವರಿಗೆ ಗೊತ್ತು. ಮನೆಯವರ ಆರೈಕೆಯಿಂದ ಚೇತರಿಸಿಕೊಂಡರು. ಮುಂದೆ ದಿಲ್ಲಿಯ ಹಾರ್ಡಿಂಗ್ ಲೈಬ್ರರಿಯಲ್ಲಿ ಸಹಾಯಕ ಗ್ರಂಥಪಾಲಕರಾಗಿಯೂ ದುಡಿದರು. ಇದನ್ನು ನಾವು ಗಮನಿಸುವುದೇ ಕಡಿಮೆ. ಕಾಯಿಲೆಯ ನಂತರವೂ ಅವರು ನೌಕರಿ ಮಾಡಿದರು, ಬರೆದರು, ಮುಶಾಯಿರಾಗಳಲ್ಲಿ ಓದಿದರು. 1945ರಲ್ಲಿ ಕಾಯಿಲೆ ಮರುಕಳಿಸಿತು. ಆಗ ಗಾಲಿಬ್ ಮತ್ತು ಇಕ್ಬಾಲರ ಸಾಲಿನಲ್ಲಿ ತನ್ನ ಹೆಸರನ್ನು ತಾನೇ ಸೇರಿಸಿ ಹೇಳುತ್ತಿದ್ದರಂತೆ. ಕೇಳಿದವರು ನಕ್ಕರು. ಮಜಾಝ್ ಚುರುಕು ಮಾತಿನ ಹಾಸ್ಯಗಾರರು, ಅವರ ಲತೀಫೆಗಳು ಊರೂರಿಗೆ ಹರಡಿದ್ದವು. ಹೀಗಾಗಿ ಕಾಯಿಲೆಯೂ ಜನರ ಬಾಯಲ್ಲಿ ಇನ್ನೊಂದು ಲತೀಫೆಯಾಯಿತು.

ಅವರ ಕಾಯಿಲೆಗೆ ಇಂದಿನ ವೈದ್ಯಶಾಸ್ತ್ರದ ಯಾವ ಹೆಸರು ಒಪ್ಪುತ್ತದೆ, ಸ್ಕಿಝೋಫ್ರೇನಿಯಾವೋ ಬೇರೆಯೋ ಎಂದು ಇಷ್ಟು ದೂರದಿಂದ ತೀರ್ಪು ಕೊಡುವುದು ಸರಿಯಲ್ಲ. ಮದ್ಯದ ಚಟ ಇತ್ತು ಎಂಬುದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಎಲ್ಲವನ್ನೂ ಮದ್ಯದ ತಲೆಗೆ ಕಟ್ಟಿದರೆ ಕಾಯಿಲೆಯ ಮನುಷ್ಯನನ್ನು ತಪ್ಪಿತಸ್ಥನನ್ನಾಗಿ ಮಾತ್ರ ನೋಡಿದಂತಾಗುತ್ತದೆ. ಪ್ರೇಮಭಂಗದ ಹುಚ್ಚು ಎಂದು ಹಾಡಿ ಹೊಗಳಿದರೂ ಅಷ್ಟೇ, ರೋಗಿಗೆ ಚಿಕಿತ್ಸೆ ಬೇಕೆಂಬುದು ಮರೆತುಹೋಗುತ್ತದೆ. ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ ಒಳಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದನ್ನು ನಾನೂ ಕಂಡಿದ್ದೇನೆ. ಕೇಳಿದರೆ ಉತ್ತರ ಬರುವುದಿಲ್ಲ, ಚಹಾ ಬರುತ್ತದೆ.

ಮಜಾಝರ ಮನೆಯವರು ಚಿಲಕ ಹಾಕಲಿಲ್ಲ. ತಂಗಿ ಹಮೀದಾ ಸಾಲಿಮ್ ಮುಂದೆ ಅಣ್ಣನ ಬಗ್ಗೆ ಬರೆದರು, ‘ಜಗ್ಗನ್ ಭೈಯಾ’ ಎಂದೇ ಕರೆದು ಬರೆದರು. ಇನ್ನೊಬ್ಬ ತಂಗಿ ಸಫಿಯಾ 1943ರಲ್ಲಿ ಕವಿ ಜಾನ್ ನಿಸಾರ್ ಅಖ್ತರರನ್ನು ಮದುವೆಯಾದರು. ಪತಿ ಮುಂಬಯಿಯಲ್ಲಿ, ಸಫಿಯಾ ಭೋಪಾಲದಲ್ಲಿ ಅಧ್ಯಾಪಕಿ. ಜಾವೇದ್, ಸಲ್ಮಾನ್ ಎಂಬ ಇಬ್ಬರು ಪುಟ್ಟ ಮಕ್ಕಳು, ತನ್ನದೇ ಅನಾರೋಗ್ಯ, ಅದರ ಮೇಲೆ ಅಣ್ಣನ ಚಿಂತೆ. ಪತಿಗೆ ಅವರು ಬರೆದ ಪತ್ರಗಳು ಪುಸ್ತಕವಾಗಿ ಬಂದಿವೆ. ದಿನದ ಪಾಠ ಮುಗಿಸಿ ಬಂದ ಮೇಲೆ ಅಷ್ಟು ಬರೆಯುವ ಶಕ್ತಿ ಎಲ್ಲಿಂದ ಬರುತ್ತಿತ್ತೋ ಎಂದು, ಅದೇ ವೃತ್ತಿಯಲ್ಲಿರುವ ನನಗೆ ಆಶ್ಚರ್ಯ.

1952ರಲ್ಲಿ ಮೂರನೆಯ ಬಾರಿ ಕಾಯಿಲೆ ಬಂತು, ಎಲ್ಲಕ್ಕಿಂತ ತೀವ್ರವಾಗಿ. ಆಗ ರಾಂಚಿಗೆ ಸೇರಿಸಿದರು. ಬಂಗಾಳಿಯ ಮಹಾಕವಿ ಕಾಝಿ ನಝ್ರುಲ್ ಇಸ್ಲಾಮರನ್ನೂ ಅದೇ ವರ್ಷ ರಾಂಚಿಗೆ ಕರೆತಂದಿದ್ದರು. ಅವರು ಮಾತು ಕಳೆದುಕೊಂಡು ಹತ್ತು ವರ್ಷವಾಗಿತ್ತು. ಭ್ರಮೆಯನ್ನು ತಗ್ಗಿಸುವ ಮೊದಲ ಔಷಧ ಕ್ಲೋರ್‌ಪ್ರೊಮಝೀನನ್ನು ಫ್ರಾನ್ಸಿನ ವೈದ್ಯರು ರೋಗಿಗಳಿಗೆ ಕೊಟ್ಟು ನೋಡತೊಡಗಿದ್ದೂ ಅದೇ 1952ರಲ್ಲಿ. ಅದು ನಮ್ಮ ಆಸ್ಪತ್ರೆಗಳಿಗೆ ಇನ್ನೂ ಬಂದಿರಲಿಲ್ಲ. ಆದರೂ ಸುಮಾರು ಆರು ತಿಂಗಳಲ್ಲಿ ಮಜಾಝ್ ಸುಧಾರಿಸಿಕೊಂಡು ಲಖನೌಗೆ ಮರಳಿದರು.

ಸ್ವಲ್ಪ ದಿನಗಳಲ್ಲೇ, 1953ರ ಜನವರಿಯಲ್ಲಿ, ಸಫಿಯಾ ತೀರಿಕೊಂಡರು. ಈ ಆಘಾತದಿಂದ ಮಜಾಝ್ ಮತ್ತೆ ಕುಸಿದರೆಂದೇ ಯಾರೂ ಊಹಿಸುತ್ತಾರೆ. ಹಾಗಾಗಲಿಲ್ಲ. ತಾಯಿಯಿಲ್ಲದ ಮಕ್ಕಳ ಜವಾಬ್ದಾರಿ ತನ್ನದೂ ಹೌದೆಂದು ತಿಳಿದು ಅವರ ಜೊತೆ ಕಾಲ ಕಳೆಯತೊಡಗಿದರು. ಇಷ್ಟು ಕಾಲ ಆರೈಕೆ ಪಡೆದವರು ಆರೈಕೆ ಮಾಡುವವರಾದರು. ಆ ಮಕ್ಕಳಲ್ಲಿ ಹಿರಿಯರೇ ಇಂದು ಎಲ್ಲರಿಗೂ ಗೊತ್ತಿರುವ ಕವಿ ಜಾವೇದ್ ಅಖ್ತರ್.

ಆದರೆ ಹಳೆಯ ಕೂಟ ಅವರನ್ನು ಬಿಡಲಿಲ್ಲ. 1955ರ ಡಿಸೆಂಬರಿನ ಚಳಿಯಲ್ಲಿ, ಲಖನೌದ ಒಂದು ಮದ್ಯದಂಗಡಿಯ ಮಾಳಿಗೆಯ ಮೇಲೆ ಅವರನ್ನು ಬಿಟ್ಟು ಜೊತೆಗಿದ್ದವರು ತಮ್ಮ ತಮ್ಮ ಮನೆಗೆ ಹೋದರು. ಬೆಳಿಗ್ಗೆ ಪ್ರಜ್ಞೆಯಿಲ್ಲದೆ ಬಿದ್ದಿದ್ದವರನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಡಿಸೆಂಬರ್ 5ರಂದು ಕೊನೆಯುಸಿರೆಳೆದರು, ವಯಸ್ಸು 44. ನಿಶಾತ್‌ಗಂಜಿನ ಖಬರಸ್ತಾನದಲ್ಲಿ ಅವರನ್ನು ದಫನ ಮಾಡಲಾಯಿತು. 2008ರಲ್ಲಿ ಭಾರತ ಸರಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರತಂದಿತು.